ಏಳನೇ ಅಂತಸ್ತಿನ ಆಚಾರ್ರು

ಕೈಗೆ ಬೀಜ ಕೊಟ್ಟರೆ ಎಲ್ಲರೂ ಕಣ್ಣರಳಿಸಿ ನೋಡುತ್ತಾರೆ. ನಮ್ಮ ಆಚಾರ್ರು ಕಣ್ಣು ಮುಚ್ಚುತ್ತಿದ್ದರು. ಅಂಗೈಗೆ ಬೀಜ ಹಾಕಿಸಿಕೊಂಡು, ಹೆಬ್ಬೆರಳಿನಿಂದ ಒಂದು ಸುತ್ತು ತಿಕ್ಕಿ, ಮೂಗಿನ ಹತ್ತಿರ ಒಯ್ದು, ಆಮೇಲೆ ಕಣ್ಣು ತೆರೆದು ಹೇಳುವರು: "ಹೋದ ವರ್ಷದ್ದು. ಹೊಸಾದ್ರಾಗ ಕೂಡಿಸ್ಯಾರ." ಬೀಜ ತಂದ ಮನುಷ್ಯ ನೆಲ ನೋಡುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಅವರ ಹೆಬ್ಬೆರಳು ತಪ್ಪಿದ್ದನ್ನು ನಾನು ಕಂಡಿಲ್ಲ.

ಅವರು ತೀರಿಕೊಂಡ ಕಾರ್ಡು ಮಾನ್ವಿಯಿಂದ ಬಂದು ತಿಂಗಳಾಯಿತು. ಹೆಸರು ಬರೆಯುವುದಿಲ್ಲ. ತಮ್ಮ ಹೆಸರು ಅಚ್ಚಾಗುವುದು ಅವರಿಗೆ ಎಂದೂ ಸೇರಲಿಲ್ಲ. ರಾಯಚೂರಿನ ನಮ್ಮ ಬೀಜ ಪರೀಕ್ಷೆಯ ಕಚೇರಿಯಲ್ಲಿ ಸಾಹೇಬರಿಂದ ಹಿಡಿದು ಚಹಾದವನವರೆಗೆ ಎಲ್ಲರಿಗೂ ಅವರು ಆಚಾರ್ರು. ನನಗೊಬ್ಬನಿಗೆ ಮಾತ್ರ 'ಸರ್'.

ನಾನು ಅವರನ್ನು ಮೊದಲು ಕಂಡದ್ದು ದೇವದುರ್ಗದಲ್ಲಿ. ಒಬ್ಬ ದೊಡ್ಡ ಮನುಷ್ಯನ ಹತ್ತಿ ಬೀಜದ ಚೀಲಗಳಿಗೆ 'ಪರೀಕ್ಷಿಸಿದೆ' ಎಂದು ಸಹಿ ಹಾಕಲು ಒಪ್ಪದ್ದಕ್ಕೆ ಅವರನ್ನು ರಾಯಚೂರಿನಿಂದ ಅಲ್ಲಿಗೆ ಎತ್ತಿ ಹಾಕಿದ್ದರು. ನಾನು ಅದೇ ತಾಲ್ಲೂಕಿನ ಕುರಿ ಕಾಯುವ ಮನೆಯವನು, ಕೆಲಸಕ್ಕೆ ಹೊಸಬ. ಅವರಿಗಾದ ಅನ್ಯಾಯಕ್ಕೆ ನನ್ನ ರಕ್ತ ಕುದಿಯುತ್ತಿತ್ತು. ಅವರು ಮಾತ್ರ ಮುರುಕು ಮೇಜಿನ ಕಾಲಿಗೆ ಇಟ್ಟಿಗೆ ಚೂರು ಇಡುತ್ತ ಹೇಳಿದರು: "ಬೀಜ ಸುಳ್ಳು ಹೇಳೂದಿಲ್ಲೋ ತಮ್ಮಾ. ಚೀಟಿ ಹೇಳ್ತದ. ನಾ ಚೀಟಿ ಬರಿಯಾಂವ. ನಾ ಸುಳ್ಳು ಬರದ್ರ ಬೀಜಾನೂ ಸುಳ್ಳಾಗ್ತದ."

ಮಾದರಿಗೆ ಬಂದ ಪ್ರತಿ ಬೀಜಕ್ಕೂ ಅವರು ಒಂದು ಸಣ್ಣ ಲಕೋಟೆ ಮಾಡುತ್ತಿದ್ದರು. ಮೇಲೆ ನಾಲ್ಕು ಸಾಲು. ಬೀಜದ ಹೆಸರು, ಊರು, ತಂದವರು, ಕಡೆಗೆ 'ಪರೀಕ್ಷಿಸಿದೆ'. ನಾಲ್ಕೂ ಸಾಲು ದುಂಡಗಿನ ಕನ್ನಡದಲ್ಲಿ, ಕೆಳಗಿನ ಸಹಿ ಮಾತ್ರ ಉರ್ದುವಿನಲ್ಲಿ. ನಿಜಾಮರ ಕಾಲದಲ್ಲಿ ಕಲಿತವರು ನೋಡಿ, ಕೈ ಅದನ್ನು ಬಿಟ್ಟಿರಲಿಲ್ಲ. ಹಣೆಯ ಮೇಲೆ ಅಂಗಾರದ ಕರಿ ಗೆರೆ, ಅಕ್ಷತೆಯ ಕೆಂಪು ಬೊಟ್ಟು, ಕಪಾಳದ ಮೇಲೆ ಗೋಪಿಚಂದನದ ಮುದ್ರೆ, ಬಾಯಲ್ಲಿ ಶುದ್ಧ ಉರ್ದು. ಕಲ್ಮಲದ ಸಂತೆಯಿಂದ ಬರುವ ಸಾಬರು ಅವರೊಡನೆ ಮಾತಾಡಲೆಂದೇ ಕಚೇರಿಗೆ ಬಂದು ಹೋಗುತ್ತಿದ್ದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಹತ್ತಿ ಬೀಜದ ತರಬೇತಿಗೆ ನಮ್ಮ ಕಚೇರಿಯಿಂದ ಇಬ್ಬರು ತಾಷ್ಕೆಂಟಿಗೆ ಹೋಗಬೇಕೆಂದು ಆದೇಶ ಬಂತು. ಅಷ್ಟರಲ್ಲಿ ಇಬ್ಬರೂ ರಾಯಚೂರಿಗೆ ಬಂದಿದ್ದೆವು. ಬೀಜ ಬಲ್ಲವರೆಂದು ಅವರ ಹೆಸರು ಹೋಯಿತು, ಅವರ ಪೆಟ್ಟಿಗೆ ಹೊರಲೆಂದು ನನ್ನ ಹೆಸರು ಹೋಯಿತು ಎಂದು ಕಚೇರಿಯವರು ನಕ್ಕರು. ಆದರೆ ಅವರನ್ನು ಬಿಡಬೇಕಾದವರು ಸಾಹೇಬರಲ್ಲ, ಮಾನ್ವಿಯಲ್ಲಿದ್ದ ಅವರ ತಾಯಿ.

ಆ ಮಾತುಕತೆಯ ದಿನ ನಾನೂ ಹೋಗಿದ್ದೆ. ನನ್ನನ್ನು ಕಟ್ಟೆಯ ಮೇಲೆ ಕೂಡಿಸಿದ್ದರು. ಅದರಲ್ಲೇನೂ ವಿಶೇಷವಿರಲಿಲ್ಲ, ಆ ಮನೆಯಲ್ಲಿ ನನ್ನ ಜಾಗ ಕಟ್ಟೆಯೇ, ನನ್ನ ಲೋಟ ನಾನೇ ತೊಳೆದಿಡಬೇಕಾದ ಲೋಟವೇ. ಒಳಗೆ ಮುದುಕಿ ಸಮುದ್ರ ದಾಟಿದರೆ ಕುಲ ಕೆಡುತ್ತದೆ ಎನ್ನುತ್ತಿದ್ದರು. ಆಚಾರ್ರು ಶಾಲೆಯ ನಕಾಶೆ ಪುಸ್ತಕ ತೆರೆದು ರಾಯಚೂರಿನಿಂದ ತಾಷ್ಕೆಂಟಿನವರೆಗೆ ಬೆರಳು ಎಳೆದು ತೋರಿಸಿದರು. "ನೋಡವ್ವಾ, ದಾರಿಯಾಗ ಸಮುದ್ರನ ಇಲ್ಲ. ಬರೇ ಗುಡ್ಡ."

ಮುದುಕಿ ಬಹಳ ಹೊತ್ತು ನಕಾಶೆ ನೋಡಿದರು. ನಂತರ ಕಡ್ಡಿ ಮುರಿದಂತೆ ಹೇಳಿದರು: "ಹೋಗು. ಆದ್ರ ಕಾರ್ತೀಕದಾಗ ನಿಮ್ಮಪ್ಪನ ತಿಥಿ ಅದ. ನೀ ಒಬ್ಬನ ಮಗಾ. ಅಂವಗ ಎಳ್ಳು ನೀರು ಬಿಡಾಕ ಈ ಭೂಮಿ ಮ್ಯಾಲ ಬ್ಯಾರೆ ಯಾರೂ ಇಲ್ಲ. ಅದು ತಪ್ಪಿತಂದ್ರ ನನಗ ಮಾರಿ ತೋರಿಸಬ್ಯಾಡ."

ಆಚಾರ್ರು ತಾಯಿಯ ಕಾಲು ಮುಟ್ಟಿ ಮಾತು ಕೊಟ್ಟರು. ತರಬೇತಿ ಮುಗಿದು ತಿಥಿಗೆ ಎಂಟು ದಿನ ಮೊದಲೇ ಮನೆಯಲ್ಲಿರುತ್ತೇನೆಂಬ ಲೆಕ್ಕ ಅವರದು.

ನಮ್ಮ ರಾಯಚೂರಿನಲ್ಲಿ ಹೋಟೆಲ್ ಎಂದರೆ ಚಹಾ, ಮಿರ್ಚಿ, ಒಗ್ಗರಣೆ. ತಾಷ್ಕೆಂಟಿನಲ್ಲಿ ನಮ್ಮನ್ನು ಇಳಿಸಿದ ಹೋಟೆಲು ಹಾಗಿರಲಿಲ್ಲ. ಆಳೆತ್ತರದ ಕಿಟಕಿ, ಕಾಲು ಹೂತುಹೋಗುವ ಜಮಖಾನೆ, ಹೊದ್ದರೆ ಏಳಲು ಮನಸ್ಸಾಗದ ರಜಾಯಿ, ಯಾವಾಗ ತಿರುಗಿಸಿದರೂ ಬಿಸಿನೀರು ಬರುವ ನಲ್ಲಿ. ದೇವದುರ್ಗದ ಕುರಿಹಟ್ಟಿಯಲ್ಲಿ ಕಂಬಳಿ ಹೊದ್ದು ಬೆಳೆದವನಿಗೆ ಮೊದಲ ರಾತ್ರಿ ನಿದ್ದೆಯೇ ಬರಲಿಲ್ಲ, ಅಷ್ಟು ಸುಖ. ಆದರೆ ಆ ಹೋಟೆಲಿಗೆ ತನ್ನದೇ ತಲೆತಿರುಕ ಬುದ್ಧಿಗಳಿದ್ದವು. ನಮ್ಮ ಕೋಣೆ ಏಳನೇ ಅಂತಸ್ತಿನಲ್ಲಿ. ಲಿಫ್ಟು ಮಾತ್ರ ಆರಕ್ಕೆ ನಿಲ್ಲುತ್ತಿತ್ತು, ಎಂಟಕ್ಕೆ ನಿಲ್ಲುತ್ತಿತ್ತು, ಏಳಕ್ಕೆ ಏನು ಮಾಡಿದರೂ ನಿಲ್ಲುತ್ತಿರಲಿಲ್ಲ. "ಎಂಟಕ್ಕ ಹೋಗಿ ಇಳ್ಯೂಣು, ಇಳಿಯೂದು ಹಗುರ," ಎಂದು ಆಚಾರ್ರು ತೀರ್ಮಾನಿಸಿದರು. ಗೋಡೆಯಲ್ಲೊಂದು ರೇಡಿಯೋ ಹುಗಿದಿದ್ದರು. ಅದರ ದನಿ ಸಣ್ಣದು ಮಾಡಬಹುದಿತ್ತು, ಪೂರ್ತಿ ಬಂದ್ ಮಾಡಲು ಬರುತ್ತಿರಲಿಲ್ಲ. ಮೂರು ತಿಂಗಳು ಅದು ನಮಗೆ ತಿಳಿಯದ ಭಾಷೆಯಲ್ಲಿ ಪಿಸುಗುಟ್ಟುತ್ತಲೇ ಇತ್ತು. ಚಳಿ ಶುರುವಾಗುತ್ತಲೇ ಕಿಟಕಿಗಳ ಸಂದಿಗೆಲ್ಲ ಕಾಗದದ ಪಟ್ಟಿ ಅಂಟಿಸಿ ಮುಚ್ಚಿಬಿಟ್ಟರು. ಮೇಲೆ ತಲೆ ಹಿಡಿಸುವಷ್ಟು ಒಂದು ಸಣ್ಣ ಗಾಜಿನ ಬಾಗಿಲು ಮಾತ್ರ ತೆರೆಯುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ವಿಚಿತ್ರವೆಂದರೆ ಅಂತಸ್ತಿಗೊಬ್ಬ ಹೆಂಗಸು. ಪಡಸಾಲೆಯ ತುದಿಯಲ್ಲಿ ಮೇಜು ಹಾಕಿಕೊಂಡು ಕೂತಿರುವಳು. ಕೋಣೆಯ ಕೀಲಿ ನಮ್ಮ ಹತ್ತಿರ ಇರುವಂತಿಲ್ಲ. ಹೊರಗೆ ಹೋಗುವಾಗ ಅವಳಿಗೆ ಕೊಡಬೇಕು, ಬಂದು ಅವಳಿಂದ ತೆಗೆದುಕೊಳ್ಳಬೇಕು. ಕೀಲಿಗೆ ಪೇರಲ ಹಣ್ಣಿನಷ್ಟು ದಪ್ಪದ ಮರದ ಗುಂಡು. ನಮ್ಮ ಅಂತಸ್ತಿನವಳು ಅರವತ್ತರ ಹತ್ತಿರದ ಉಜ್ಬೇಕ್ ಹೆಂಗಸು, ತಲೆಗೆ ಹೂವಿನ ರುಮಾಲು, ಬಾಯಲ್ಲಿ ಎರಡು ಚಿನ್ನದ ಹಲ್ಲು. ಆಚಾರ್ರು ಮೊದಲ ದಿನವೇ "ಆಪಾ" ಎಂದರು. ನಮ್ಮ ಕಡೆ ಮುಸಲ್ಮಾನರು ಅಕ್ಕನನ್ನು ಹಾಗೇ ಕರೆಯುತ್ತಾರೆ. ಅವಳ ಭಾಷೆಯಲ್ಲೂ ಅದೇ ಮಾತಂತೆ! ಅವಳ ಮುಖ ಅರಳಿತು. ಚಾಯ್, ನಾನ್, ಬಜಾರ್, ಕಿತಾಬ್, ಹವಾ ಎಂದು ಒಂದೊಂದೇ ಮಾತು ಕೊಟ್ಟು ತೆಗೆದುಕೊಂಡು ಇಬ್ಬರೂ ಒಂದು ಸಣ್ಣ ಭಾಷೆಯನ್ನೇ ಕಟ್ಟಿಕೊಂಡರು. ನಮ್ಮಿಬ್ಬರ ನಡುವೆ ಅವಳು ಕೀಲಿ ಆಪಾ.

ಮೊದಲ ವಾರ ಮಾತ್ರ ಕೀಲಿ ಆಪಾಳಿಗೂ ಆಚಾರ್ರಿಗೂ ಎಣ್ಣೆ ಸೀಗೆಕಾಯಿ. ಸ್ನಾನದ ತೊಟ್ಟಿಯಲ್ಲಿ ಕೂತು ಮೀಯುವುದಕ್ಕೆ ಅವರು ಒಪ್ಪಲಿಲ್ಲ. "ನಿಂತ ನೀರಿನ್ಯಾಗ ಎಮ್ಮಿ ಕೂಡ್ತದ," ಎಂದು ತೊಟ್ಟಿಯ ಹೊರಗೆ ನಿಂತು ಚೊಂಬಿನಿಂದ ಸುರಿದುಕೊಂಡರು. ನೀರು ಬಾಗಿಲು ದಾಟಿ ಪಡಸಾಲೆಯ ಜಮಖಾನೆಗೆ ಬಂತು. ಆಪಾ ಓಡಿ ಬಂದಳು. ಅದಾದ ಮೇಲೆ ತೊಟ್ಟಿಯೊಳಗೇ ನಿಂತು ಸುರಿದುಕೊಳ್ಳಲು ಒಪ್ಪಿದರು. ಮರುದಿನ ಮುದ್ರೆ ಅಂಗಾರ ಹಚ್ಚಿಕೊಂಡು ಹೊರಬಂದರೆ, ಪಾಪ, ಜಾರಿ ಬಿದ್ದು ಗಾಯ ಮಾಡಿಕೊಂಡಿದ್ದಾರೆಂದು ಅವಳು ಹತ್ತಿ, ಔಷಧಿ ಹಿಡಿದು ಬಂದಳು. ಮೂರನೆಯ ದಿನ ನಮ್ಮ ಆಚಾರ್ರು ಮನೆಯಿಂದ ತಂದಿದ್ದ ಕರೆಂಟಿನ ಒಲೆ ಹಚ್ಚಿದರು. ಅನ್ನ ಕುದಿಯುವ ಮೊದಲೇ ಇಡೀ ಅಂತಸ್ತಿನ ದೀಪ ಹೋಯಿತು. ಕೋಣೆಯಲ್ಲಿ ಅಡುಗೆ ಮಾಡಕೂಡದೆಂದು ಗೋಡೆಯ ಮೇಲಿನ ಫಲಕ ತೋರಿಸಿ, ಒಲೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ ಆಪಾ ಅದನ್ನು ತನ್ನ ಕಪಾಟಿನಲ್ಲಿ ಹಾಕಿ ಕೀಲಿ ಜಡಿದಳು.

ಪರರು ಬೇಯಿಸಿದ್ದನ್ನು ಆಚಾರ್ರು ಉಣ್ಣುವವರಲ್ಲ. ಆ ಮೂರು ತಿಂಗಳು ಅವರು ಬದುಕಿದ್ದು ಮನೆಯ ಅವಲಕ್ಕಿ, ಮೆಂತ್ಯದ ಹಿಟ್ಟು, ಅಲ್ಲಿಯ ಹಾಲು ಮೊಸರು ಹಣ್ಣುಗಳ ಮೇಲೆ. ಮುತ್ತುಗದ ಎಲೆ ಹೊಲಿದ ಪತ್ರಾವಳಿಯ ಒಂದು ಕಟ್ಟು ತಂದಿದ್ದರು. ಅದರಲ್ಲೇ ಅವಲಕ್ಕಿ ಕಲಸಿ ತಿನ್ನುತ್ತಿದ್ದರು. ನಾನು ಕೆಳಗಿನ ಊಟದ ಮನೆಯಲ್ಲಿ ಮಾಂಸ, ಆಲೂಗಡ್ಡೆ, ದಪ್ಪ ರೊಟ್ಟಿ ತಿಂದು ಬರುತ್ತಿದ್ದೆ. ನಾಚಿಕೆಯಾಗುತ್ತಿತ್ತು. ಅವರು ಮಾತ್ರ ದಿನವೂ ಕೇಳುವರು, "ಇವತ್ತೇನಿತ್ತೋ?" ನಾನು ಒಂದೊಂದೇ ಹೇಳುತ್ತಿದ್ದರೆ ಬೀಜ ನೋಡುವವರ ಹಾಗೆ ಕಣ್ಣು ಮುಚ್ಚಿ ಕೇಳುವರು. ಕಡೆಗೆ, "ಉಣ್ಣು. ಹುಡುಗ ವಯಸ್ಸು ನಿಂದು," ಎನ್ನುವರು. ಅವರ ಕೊರಳಿನ ಎಲುಬು ವಾರ ವಾರಕ್ಕೂ ಎದ್ದು ಬರುತ್ತಿತ್ತು.

ತರಬೇತಿ ಮುಗಿಯಿತು. ಬೇರೆ ದೇಶಗಳಿಂದ ಬಂದವರು ಒಬ್ಬೊಬ್ಬರೇ ಹೋದರು. ನಮ್ಮ ವಿಮಾನದ ಏರ್ಪಾಡು ಮಾತ್ರ ಎರಡು ವಾರ ಮುಂದೆ ಹೋಯಿತು. ಆ ಸುದ್ದಿ ಬಂದ ಸಂಜೆ ಆಚಾರ್ರು ಪಂಚಾಂಗ ತೆರೆದು ಬೆರಳು ಮಡಿಚಿ ಎಣಿಸಿದರು. ಮತ್ತೆ ಎಣಿಸಿದರು. ಪಂಚಾಂಗ ಮಡಿಚಿಟ್ಟು, "ತಿಥಿ ಇಲ್ಲೇ ಬರ್ತದ," ಎಂದಷ್ಟೇ ಹೇಳಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಆ ಎರಡು ವಾರ ನನ್ನ ಜೀವನದ ಅತ್ಯಂತ ಒಂಟಿ ದಿನಗಳು. ಏಳನೇ ಅಂತಸ್ತಿನಲ್ಲಿ ನಾವಿಬ್ಬರೇ. ಪಡಸಾಲೆಯ ಉದ್ದಕ್ಕೂ ಮುಚ್ಚಿದ ಬಾಗಿಲುಗಳು. ನಾವು ಹೊರಟುಬಿಟ್ಟಿದ್ದೇವೆಂದು ತಿಳಿದು ಮನೆಯವರು ಕಾಗದ ಬರೆಯುವುದನ್ನು ನಿಲ್ಲಿಸಿದ್ದರು. ಕೆಲಸವಿಲ್ಲ, ಕಾಗದವಿಲ್ಲ, ಹೊರಗೆ ಚಳಿ. ಮೆತ್ತಗಿನ ಹಾಸಿಗೆ, ಬಿಸಿನೀರು ಎಲ್ಲ ಇದ್ದವು, ಇದ್ದೂ ಬೇಡವಾಗಿದ್ದವು. ಗೋಡೆಯ ರೇಡಿಯೋ ಪಿಸುಗುಟ್ಟುತ್ತಿತ್ತು. ಆಚಾರ್ರು ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೆಳಗಿನ ಬೋಳು ಮರಗಳನ್ನು ನೋಡುತ್ತ ಕೂಡುತ್ತಿದ್ದರು. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಕೇಳಿದರು:

"ನಿಮ್ಮಪ್ಪ ಹೋದಾಗ ನೀ ಇದ್ದೇನೋ ಹತ್ರ?"

"ಇಲ್ರೀ ಸರ್. ಕಾಲೇಜಿನ್ಯಾಗಿದ್ದೆ. ನಾ ಬರೂದ್ರಾಗ ಮಣ್ಣು ಮಾಡಿದ್ರು."

"ನಾನೂ ಇರ್ಲಿಲ್ಲ," ಎಂದರು. "ಶಾಲಿಗೆ ಹೋಗಿದ್ದೆ. ಪರೀಕ್ಷಾ ಇತ್ತು, ಹೇಳಿ ಕಳಸ್ಲಿಲ್ಲ. ಅದಕ್ಕ ಅವ್ವಗ ಈ ತಿಥಿ ಅಂದ್ರ ಅಷ್ಟು."

ಮೂರು ತಿಂಗಳಲ್ಲಿ ಅವರು ತಮ್ಮ ಬಗ್ಗೆ ಆಡಿದ್ದು ಇಷ್ಟೇ ಮಾತು. ನಾನು ಎದ್ದು ರೇಡಿಯೋ ದನಿ ಇನ್ನಷ್ಟು ಸಣ್ಣದು ಮಾಡಿದೆ.

ತಿಥಿಯ ಹಿಂದಿನ ದಿನ ಅವರು ಕೀಲಿ ಆಪಾಳ ಮೇಜಿನ ಮುಂದೆ ಹೋಗಿ ನಿಂತರು. ತೋರುಬೆರಳನ್ನು ಮೇಲೆ ಮಾಡಿ "ಮರ್ಹೂಮ್" ಎಂದರು. ತೀರಿಹೋದವರು ಎಂದು ಅರ್ಥ. ತಮ್ಮ ಎದೆ ಮುಟ್ಟಿಕೊಂಡರು, ಎತ್ತರದ ಮನುಷ್ಯನನ್ನು ಕೈಯಿಂದ ತೋರಿಸಿದರು, ಅನ್ನ ಬಡಿಸುವ ಹಾಗೆ ಮಾಡಿದರು. ಆಪಾ ಹೆಣಿಗೆ ಕೆಳಗಿಟ್ಟಳು. ಅವಳ ಕಣ್ಣು ತುಂಬಿದವು. ಸತ್ತವರ ಹೆಸರಿನಲ್ಲಿ ಅನ್ನ ಬೇಯಿಸಿ ಬಂದವರಿಗೆ ಉಣಿಸುವುದು ಅವರಲ್ಲೂ ಇದೆಯೆಂದು ಅವಳ ಸನ್ನೆಯಿಂದ ತಿಳಿಯಿತು. ಅವಳ ಅಪ್ಪ ಯುದ್ಧಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಪಡಸಾಲೆಯ ಕೊನೆಯಲ್ಲಿದ್ದ, ಚಹಾ ಕಾಯಿಸುವ ತನ್ನ ಸಣ್ಣ ಕೋಣೆಯ ಕೀಲಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. ಅಲ್ಲಿ ಒಲೆ ಇತ್ತು. ಹೋಟೆಲಿನ ಮೇಲಧಿಕಾರಿಗಳು ಯಾರಾದರೂ ಬಂದರೆ ತಾನು ಕೆಮ್ಮುತ್ತೇನೆಂದು ಕೆಮ್ಮಿ ತೋರಿಸಿದಳು.

ಅಕ್ಕಿ, ಹೆಸರುಬೇಳೆ, ಬೆಣ್ಣೆ, ಹಾಲು ಎಲ್ಲ ಹೊಂದಿತು. ಪಂಚಾಂಗದ ಪುಟಗಳ ನಡುವೆ ನಾಲ್ಕು ದರ್ಭೆ ಇದ್ದವು. ಇಲ್ಲದ್ದು ಎಳ್ಳು. ತಂದದ್ದು ಅಮಾವಾಸ್ಯೆಯ ತರ್ಪಣಗಳಿಗೆ ಮುಗಿದುಹೋಗಿತ್ತು. ಬೆಳಿಗ್ಗೆ ಮಡಿಯುಟ್ಟು ಒಲೆ ಹಚ್ಚುವ ಮೊದಲು ಅವರು ದೂರದಿಂದಲೇ ನನಗೆ ಹೇಳಿದರು: "ತಮ್ಮಾ, ಕರಿ ಎಳ್ಳು. ಬಿಳೀವು ಬ್ಯಾಡ. ಹೊತ್ತು ಇಳಿಯೂದ್ರಾಗ ಬಾ. ಎಳ್ಳಿಲ್ಲಂದ್ರ ಇದೆಲ್ಲಾ ಬರೇ ಅಡಿಗಿ ಆಗ್ತದ."

ಟ್ರಾಮು ಹತ್ತಿ ಪೇಟೆಗೆ ಹೋದೆ. ಬಿಳಿ ಎಳ್ಳು ಗುಡ್ಡೆ ಗುಡ್ಡೆ ಇತ್ತು. ಕರಿ ಎಳ್ಳು ಎಲ್ಲೂ ಇಲ್ಲ. ಅಂಗಡಿ ಅಂಗಡಿ ಅಲೆದು "ಕಾಲಾ ತಿಲ್, ಕಾಲಾ" ಎಂದು ಬಿಳಿ ಎಳ್ಳನ್ನೂ ನನ್ನ ಕಪ್ಪು ಕೂದಲನ್ನೂ ತೋರಿಸಿ ಕೇಳಿದೆ. ಕಡೆಗೊಬ್ಬ ಮುದುಕ "ಹಾ, ಹಾ" ಎಂದು ಒಂದು ಚೀಲದ ಬಾಯಿ ಬಿಚ್ಚಿದ. ಕಪ್ಪಗೆ, ಸಣ್ಣಗೆ ಇದ್ದವು. ಕೈಗೆ ಉಣ್ಣೆಯ ಗವಸು ಹಾಕಿಕೊಂಡಿದ್ದೆ. ಪೊಟ್ಟಣ ಕಟ್ಟಿಸಿಕೊಂಡು ಓಡಿ ಬಂದು ಟ್ರಾಮು ಹತ್ತಿದೆ.

ಅರ್ಧ ದಾರಿಯಲ್ಲಿ ಗವಸು ತೆಗೆದು ಪೊಟ್ಟಣ ಬಿಚ್ಚಿದೆ. ಎಳ್ಳು ನುಣುಪು, ಚಪ್ಪಟೆ, ಒಂದು ತುದಿ ಚೂಪು. ಇದು ಒರಟು, ಮೂರು ಮೂಲೆ. ಹೆಬ್ಬೆರಳಿನಿಂದ ತಿಕ್ಕಿದೆ. ಈರುಳ್ಳಿಯನ್ನು ನೆನಪಿಸುವ ಖಾರದ ವಾಸನೆ ಎದ್ದಿತು. ಕಲೌಂಜಿ! ರೊಟ್ಟಿಯ ಮೇಲೆ ಉದುರಿಸುವ ಕಪ್ಪು ಮಸಾಲೆ ಬೀಜ, ಎಳ್ಳೇ ಅಲ್ಲ. ನಾನು ಬೀಜದ ಕಚೇರಿಯ ನೌಕರ, ಆಚಾರ್ರ ಕೈಕೆಳಗೆ ಪಳಗಿದವನು. ಬೇರೆ ಯಾರಾದರೂ ಎಡವಬಹುದಿತ್ತು, ನಾನು ಎಡವಬಾರದಿತ್ತು.

ತಿರುಗಿ ಹೋಗಲು ಹೊತ್ತಿರಲಿಲ್ಲ. ಹೋದರೂ ಕರಿ ಎಳ್ಳು ಅಲ್ಲಿರಲಿಲ್ಲ. ಇದು ನೆಪವೂ ಹೌದು, ನಿಜವೂ ಹೌದು. ಅದಕ್ಕಿಂತ ದೊಡ್ಡ ನಿಜವೆಂದರೆ ನನಗೆ ಧೈರ್ಯ ಸಾಲಲಿಲ್ಲ. ಮೂರು ತಿಂಗಳು ಅವಲಕ್ಕಿ ತಿಂದು ಬತ್ತಿದ ಆ ಮನುಷ್ಯನ ಮುಂದೆ ನಿಂತು 'ಎಳ್ಳಿಲ್ಲ' ಎನ್ನುವುದು ನನ್ನ ಕೈಲಾಗಲಿಲ್ಲ.

"ಸಿಕ್ತೇನೋ?" ಚಹಾದ ಕೋಣೆಯೊಳಗಿನಿಂದ ಕೇಳಿದರು.

"ಸಿಕ್ಕಾವ್ರೀ ಸರ್."

"ಕರೀವ?"

"ಕರೀವ ಸರ್."

ಮುಟ್ಟದ ಹಾಗೆ ಮೇಲಿನಿಂದ ಅವರ ಅಂಗೈಗೆ ಸುರಿದೆ. ಕೈಗೆ ಬೀಜ ಬಿದ್ದೊಡನೆ ಹಳೆಯ ರೂಢಿಯಂತೆ ಅವರ ಕಣ್ಣು ಮುಚ್ಚಿದವು. ಹೆಬ್ಬೆರಳು ಒಂದು ಸುತ್ತು ತಿರುಗಿತು. ಅರ್ಧಕ್ಕೆ ನಿಂತಿತು. ಅವರು ಕಣ್ಣು ತೆರೆದರು, ನನ್ನನ್ನು ನೋಡಲಿಲ್ಲ, ಕಿಟಕಿಯ ಕಡೆ ನೋಡಿದರು. ನಂತರ ಜನಿವಾರ ಬಲ ಹೆಗಲಿಗೆ ಬದಲಿಸಿಕೊಂಡು ಮಂತ್ರ ಶುರು ಮಾಡಿದರು. ನೀರು ಬಿದ್ದಾಗ ವಾಸನೆ ಕೋಣೆಯನ್ನೆಲ್ಲ ತುಂಬಿತು. ಈರುಳ್ಳಿಯನ್ನು ಮನೆಯ ಹೊಸ್ತಿಲು ದಾಟಿಸದವರ ಮೂಗಿಗೆ ಅದು ಹತ್ತಲಿಲ್ಲವೇ? ಮಂತ್ರದಲ್ಲಿ ಮೈಮರೆತಿದ್ದಾರೆ, ಬದುಕಿದೆ ಎಂದುಕೊಂಡೆ.

ಪಿಂಡದ ಅನ್ನವನ್ನು ಕಿಟಕಿಯ ಮೇಲಿನ ಸಣ್ಣ ಗಾಜಿನ ಬಾಗಿಲಿನಿಂದ ಕೈ ಚಾಚಿ ಹೊರಗಿನ ಅಂಚಿನ ಮೇಲಿಟ್ಟರು. ಕಾಗೆ ಬರಲಿಲ್ಲ. ಬಹಳ ಹೊತ್ತು ಕಾದೆವು. ಕಡೆಗೆ ಎರಡು ಗೊರವಂಕ ಬಂದು ಕೂತವು, ನಮ್ಮ ದೇವಸುಗೂರಿನ ಹೊಳೆದಂಡೆಯಲ್ಲಿ ಕಾಣುವಂಥವೇ. "ಇವು ನಮ್ಮ ಕಡೀವು. ನಡೀತದ," ಎಂದರು ಆಚಾರ್ರು.

ನಂತರ ಅವರು ಪಡಸಾಲೆಗೆ ಬಂದು ನಾಲ್ಕು ಪತ್ರಾವಳಿ ಹಾಸಿದರು. ಆಪಾಳನ್ನು ಕರೆದರು. ನನ್ನನ್ನು ಕರೆದರು. ಅವರ ಎಲೆಯ ಎದುರಿಗೇ ನನ್ನದು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಸರ್, ನಾ ದೂರ ಕೂಡ್ತೀನಿ ತಗೋರಿ."

"ಕೂಡೋ. ಉಣ್ಣೋರಿಲ್ಲಂದ್ರ ನಮ್ಮಪ್ಪಗ ಮುಟ್ಟಂಗಿಲ್ಲ. ಇಲ್ಲಿ ನನಗ ಯಾರದಾರ, ನೀ ಮತ್ತ ಈ ಆಪಾ." ನಾಲ್ಕನೆಯ ಎಲೆಗೆ ಒಂದು ತುತ್ತು ಅನ್ನ, ಪಾಯಸ ಬಡಿಸಿ ನನ್ನ ಪಕ್ಕಕ್ಕೆ ಸರಿಸಿದರು. "ಇದು ನಿಮ್ಮಪ್ಪನ ಎಡಿ."

ನಾನು ಅತ್ತೆ. ಅಪ್ಪನಿಗಾಗಿ ಅತ್ತೆನೋ, ಕಲೌಂಜಿಗಾಗಿ ಅತ್ತೆನೋ ಇಂದಿಗೂ ಗೊತ್ತಿಲ್ಲ. ಆಪಾ ಉಂಡು ಎರಡೂ ಅಂಗೈ ಮುಖಕ್ಕೆ ಸವರಿಕೊಂಡು ತನ್ನ ಭಾಷೆಯಲ್ಲಿ ಪ್ರಾರ್ಥಿಸಿದಳು. ಒಂದು ಒಣ ಪತ್ರಾವಳಿ ಕೇಳಿ ಪಡೆದು ತನ್ನ ಮೇಜಿನ ಹಿಂದಿನ ಗೋಡೆಗೆ ಸಿಕ್ಕಿಸಿಕೊಂಡಳು. ನಾವು ಹೊರಡುವ ದಿನ ಕೂಡ ಅದು ಅಲ್ಲೇ ಇತ್ತು.

ಊರಿಗೆ ಬಂದು ನೇರ ಮಾನ್ವಿಗೆ ಹೋದೆವು. ಮುದುಕಿ ಬಾಗಿಲಲ್ಲೇ ನಿಂತಿದ್ದರು. ಮಗ ಹೇಗಿದ್ದಾನೆ, ಎಷ್ಟು ಸೊರಗಿದ್ದಾನೆ, ಒಂದನ್ನೂ ಕೇಳಲಿಲ್ಲ.

"ತಿಥಿ?"

"ಮಾಡ್ದೆ ಅವ್ವಾ."

"ಎಳ್ಳು ಎಲ್ಲಿ ಸಿಗ್ತಾವೋ ಆ ಮ್ಲೇಚ್ಛ ಊರಾಗ?"

ಕಟ್ಟೆಯ ಮೇಲಿದ್ದ ನಾನು ಪೆಟ್ಟಿಗೆಯ ಕಡೆ ಬಗ್ಗಿದೆ. ಆಚಾರ್ರು ನನ್ನ ಕಡೆ ಕೈ ತೋರಿಸಿದರು. "ಸಿಕ್ಕಿದ್ವು. ಕರಿ ಎಳ್ಳು. ಇಂವನ ತಂದಾ."

ಮುದುಕಿ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು: "ನಿನ್ನ ಹೊಟ್ಟಿ ತಣ್ಣಗಿರ್ಲಿ." ಹರಸಿದ್ದು ನನಗೆ ಬೈದದ್ದಕ್ಕಿಂತ ಹೆಚ್ಚು ಚುಚ್ಚಿತು. ಚಹಾ ಬಂತು, ಅದೇ ಕಟ್ಟೆ, ಅದೇ ಲೋಟ. ಕುಡಿದು ತೊಳೆಯಲು ಎದ್ದೆ. ಆಚಾರ್ರು ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಒಯ್ದರು. ಅಷ್ಟೇ. ಅದಾದ ಮೇಲೆ ಅವರ ಎದುರಿಗೆ ಎಲೆ ಹಾಕಿ ನಾನು ಉಂಡದ್ದಿಲ್ಲ. ಅವರು ಕರೆಯಲಿಲ್ಲ, ನಾನು ಕೇಳಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಕಲೌಂಜಿ ನೆನಪಾಗಿ ಸಿಟ್ಟು ಮಾಡುವ ಹಕ್ಕೂ ನನಗಿಲ್ಲವೆನಿಸುತ್ತಿತ್ತು. ಒಂದೇ ಕಚೇರಿಯಲ್ಲಿ, ಎದುರು ಬದುರು ಮೇಜಿನಲ್ಲಿ ಕೂತು, ಇಬ್ಬರೂ ಆ ಏಳನೇ ಅಂತಸ್ತನ್ನು ಯಾರಿಗೂ ಹೇಳದೆ ಇಟ್ಟುಕೊಂಡೆವು.

ಹೇಳಿಬಿಡಬೇಕೆಂದು ಎಷ್ಟು ಸಲ ಬಾಯಿ ತೆರೆದೆನೋ. ಗಿಲ್ಲೆಸುಗೂರಿನ ಹತ್ತಿ ಹೊಲದ ಬದುವಿನ ಮೇಲೆ ಒಮ್ಮೆ. ಅವರ ತಾಯಿ ತೀರಿಕೊಂಡ ವರ್ಷ ಒಮ್ಮೆ. ನಿವೃತ್ತಿಯಾದ ದಿನ ಅವರನ್ನು ಮಾನ್ವಿ ಬಸ್ಸಿಗೆ ಹತ್ತಿಸಿ, ಟ್ರಂಕು ಮೇಲಿಟ್ಟು, ಪಕ್ಕದಲ್ಲಿ ಕೂತು ಕಡೆಗೂ ಶುರು ಮಾಡಿದೆ.

"ಸರ್, ಅವತ್ತು ಹೋಟೆಲಿನ್ಯಾಗ ನಾ ತಂದ ಎಳ್ಳು..."

ಅವರು ಕಣ್ಣು ಮುಚ್ಚಿದರು. ತೆರೆದು, "ಬಸ್ ಬಿಡ್ಲಿಕ್ಕತ್ತದ. ಇಳಿಯೋ ತಮ್ಮಾ," ಎಂದರು. ಇಳಿದೆ. ಬಸ್ಸು ಬಿಟ್ಟದ್ದು ಅದಾದ ಕಾಲು ಗಂಟೆಗೆ. ಅಷ್ಟು ಹೊತ್ತೂ ನಾನು ಕೆಳಗೆ ನಿಂತಿದ್ದೆ, ಅವರು ಕಿಟಕಿಯಿಂದ ಆಚೆ ಬದಿ ನೋಡುತ್ತಿದ್ದರು.

ಹೋದ ವಾರ ಮಾನ್ವಿಗೆ ಹೋಗಿ ಬಂದೆ. ರೂಢಿಯಂತೆ ಕಟ್ಟೆಯ ಮೇಲೆ ಕೂತೆ. ಅವರ ಹೆಂಡತಿ ಹೊರಗೆ ಬಂದು, "ಒಳಗ ಬರ್ರಿ. ನೀವು ಅವರ ಜೋಡಿ ಉಂಡವರು. ಹೇಳ್ಯಾರ ನನಗ," ಎಂದರು. ಹೊಸ್ತಿಲು ದಾಟುವಾಗ ಕಾಲು ಎಡವಿತು. ಒಳಗೆ ಅವರ ಖಾಲಿ ಕುರ್ಚಿ, ಪಂಚಾಂಗ. ಆಕೆ ಒಂದು ತಗಡಿನ ಡಬ್ಬಿ ತಂದು ಮುಂದಿಟ್ಟರು. "ಬರೇ ಬೀಜ ಅದಾವ್ರಿ. ನಮಗೇನು ತಿಳೀತದ. ನೀವ ತಗೊಂಡು ಹೋಗ್ರಿ."

ರಾಯಚೂರಿಗೆ ಬಂದು ಡಬ್ಬಿ ಬಿಚ್ಚಿದೆ. ನೂರಾರು ಲಕೋಟೆಗಳು, ಎಲ್ಲವೂ ಅದೇ ದುಂಡಗಿನ ಕೈ. ತಳದಲ್ಲೊಂದು ಬೇರೆ ಬಣ್ಣದ್ದು ಸಿಕ್ಕಿತು. ತಾಷ್ಕೆಂಟಿನ ಆ ಹೋಟೆಲಿನ ಕಾಗದದ ಲಕೋಟೆ, ಮೂಲೆಯಲ್ಲಿ ಹೋಟೆಲಿನ ಚಿತ್ರ. ಮೇಲೆ ನಾಲ್ಕು ಸಾಲು: ಕರಿ ಎಳ್ಳು. ತಾಷ್ಕೆಂಟ್ ಪೇಟೆ. ತಂದವರು ಎಂದು ನನ್ನ ಪೂರ್ತಿ ಹೆಸರು. ಕೆಳಗೆ 'ಪರೀಕ್ಷಿಸಿದೆ', ಉರ್ದು ಸಹಿ.

ಅಂಗೈಗೆ ಸುರಿದುಕೊಂಡು ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ತಿಕ್ಕಿದೆ. ಒರಟು, ಮೂರು ಮೂಲೆ. ವಾಸನೆ ಇಷ್ಟು ವರ್ಷಕ್ಕೂ ಸತ್ತಿರಲಿಲ್ಲ. ದೊಡ್ಡ ಮನುಷ್ಯನ ಚೀಲಕ್ಕೆ ಸಹಿ ಹಾಕದೆ ದೇವದುರ್ಗಕ್ಕೆ ಹೋದವರು, ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಚೀಟಿ ಬರೆದಿದ್ದರು. ಅದರ ಮೇಲೆ ನನ್ನ ಹೆಸರಿತ್ತು.